ಇಲ್ಲ ಎನ್ನದ ಆಟ

ಮೊದಲ ವಾರದ ಕೆಲಸವೆಲ್ಲ ಒಂದೇ ಒಂದು ಪ್ರಶ್ನೆಯಿಂದ ಕೆಟ್ಟಿತು. 'ನೀವು ಮೊಬೈಲಿನಲ್ಲಿ ಕ್ಯಾಸಿನೋ ಆಟ ಆಡುತ್ತೀರಾ?' ಗಿರಿನಗರದ ಒಂದು ಮನೆಯ ಗೇಟಿನ ಬಳಿ ನಿಂತು ಹೀಗೆ ಕೇಳಿದಾಗ ಆ ಮನೆಯ ಯಜಮಾನರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಏನಮ್ಮಾ, ಮರ್ಯಾದಸ್ಥರ ಮನೆ ಇದು. ನಮ್ಮನೇಲಿ ಇಸ್ಪೀಟ್ ಎಲೆ ಕೂಡ ಮುಟ್ಟಲ್ಲ. ಕ್ಯಾಸಿನೋ ಅಂತೆ!"

ಅವರ ಬೆನ್ನ ಹಿಂದೆ, ನಡುಮನೆಯ ಸೋಫಾದ ಮೇಲೆ ಅವರ ಹೆಂಡತಿ ಕೂತಿದ್ದರು. ಆಕೆಯ ಕೈಯಲ್ಲಿದ್ದ ಫೋನಿನಿಂದ ನಾಣ್ಯ ಸುರಿಯುವ ಸದ್ದು ಝಲ್ ಝಲ್ ಅಂತ ಗೇಟಿನವರೆಗೂ ಕೇಳುತ್ತಿತ್ತು. ನಾನು ಹುಡುಕಿಕೊಂಡು ಬಂದಿದ್ದ ಆಟವೇ ಅದು. ಆದರೆ ಯಜಮಾನರು ಗೇಟಿನ ಚಿಲಕ ಹಾಕಿಯಾಗಿತ್ತು.

ನನ್ನ ಕೆಲಸ ಮನೆ ಮನೆಗೆ ಹೋಗಿ ಪ್ರಶ್ನೆ ಕೇಳುವುದು. ಸೋಪು ಮಾಡುವವರಿಗಾಗಿ, ಟೀ ಪುಡಿ ಮಾರುವವರಿಗಾಗಿ, ವಿಮೆಯವರಿಗಾಗಿ ಕೇಳಿದ್ದೇನೆ. ಈ ಸಲ ಒಂದು ಮೊಬೈಲ್ ಆಟದ ಕಂಪನಿಗಾಗಿ. ಪರದೆಯ ಮೇಲೆ ಮೂರು ಚಕ್ರ, ಅವುಗಳ ಮೇಲೆ ತಾವರೆ, ಆನೆ, ಚಿನ್ನದ ಕೊಡ ಅಂತ ಚಿತ್ರಗಳು. ಗುಂಡಿ ಒತ್ತಿದರೆ ಚಕ್ರ ಗಿರ್ರನೆ ತಿರುಗಿ ನಿಲ್ಲುತ್ತದೆ. ಮೂರರಲ್ಲೂ ಒಂದೇ ಚಿತ್ರ ಬಂದರೆ ನಾಣ್ಯದ ಮಳೆ. ಆ ನಾಣ್ಯಕ್ಕೆ ಅಂಗಡಿಯಲ್ಲಿ ಒಂದು ಬೀಡಾ ಕೂಡ ಬರುವುದಿಲ್ಲ. ಆಟ ಬಿಟ್ಟಿ, ಗೆದ್ದದ್ದೂ ಬಿಟ್ಟಿ. ಮಾಮೂಲಿ ಜನ ಇದನ್ನು ಏನೆಂದು ತಿಳಿದುಕೊಂಡು ಆಡುತ್ತಾರೆ ಎನ್ನುವುದು ಕಂಪನಿಯವರಿಗೆ ಬೇಕಿತ್ತು. ಜಯನಗರ, ಜೆ.ಪಿ. ನಗರ, ಬನಶಂಕರಿ ಕಡೆಯ ಮನೆಗಳು ನನ್ನ ಪಾಲಿಗೆ ಬಂದವು. ಮಂಡಿನೋವಿನವಳಿಗೆ ಮೂರು ಮಹಡಿಯ ಮನೆಗಳೇ ಸಿಗುತ್ತವೆ ಎನ್ನುವುದು ನನ್ನ ಹಣೆಬರಹ.

ನಮ್ಮ ತಂಡದ ಮೇಲ್ವಿಚಾರಕ ಚಿಕ್ಕ ವಯಸ್ಸಿನವನು. ಜೆ.ಪಿ. ನಗರದ ಆಫೀಸಿನಲ್ಲಿ ಕೂತು, ನಾವು ಮಾಡಿಕೊಂಡು ಬಂದ ವಿಡಿಯೋ ನೋಡಿ ಕಂಪನಿಗೆ ವರದಿ ಕಳಿಸುವವನು. ಅವನಿಗೆ ಫೋನ್ ಮಾಡಿ, ಆ ಪ್ರಶ್ನೆಯನ್ನು ಬದಲಾಯಿಸದಿದ್ದರೆ ನಾನು ಇನ್ನೊಂದು ಮೆಟ್ಟಿಲು ಹತ್ತುವುದಿಲ್ಲ ಅಂದೆ.

"ಮೇಡಂ, ಕ್ಲೈಂಟ್ ಅಪ್ರೂವ್ ಮಾಡಿರೋ ಕ್ವೆಶ್ಚನ್ ಅದು. ಚೇಂಜ್ ಮಾಡೋ ಹಾಗಿಲ್ಲ."

"ಹಾಗಾದ್ರೆ ನೀನೇ ಬಂದು ಕೇಳಪ್ಪಾ. ಏಟು ಬಿದ್ರೆ ಕ್ಲೈಂಟ್‌ಗೆ ಕಳ್ಸು."

ಎರಡು ದಿನ ತಕರಾರು ನಡೆದು ಕೊನೆಗೆ ಒಪ್ಪಿಗೆ ಬಂತು. 'ಚಕ್ರ ತಿರುಗೋ ಆಟ ಆಡ್ತೀರಾ, ತಾವರೆ ಆನೆ ಎಲ್ಲ ಬರುತ್ತಲ್ಲ?' ಎಂದು ಕೇಳತೊಡಗಿದೆ. "ಓ, ಅದಾ! ಅದಿಲ್ದೆ ಇದ್ರೆ ನಂಗೆ ಮಧ್ಯಾಹ್ನ ನಿದ್ದೇನೇ ಬರಲ್ಲ," ಎಂದು ಬಾಗಿಲುಗಳು ತೆರೆದವು. ಅದೇ ಗಿರಿನಗರದ ಬೀದಿಯಲ್ಲೇ ಮೂರು ಮನೆ ಸಿಕ್ಕವು.

ಅದು ಜೂಜು ಅಂತ ಒಬ್ಬರೂ ಹೇಳಲಿಲ್ಲ. ಜೂಜು ಎಂದರೆ ಕಳೆದುಕೊಳ್ಳುವುದು, ಇಲ್ಲಿ ಕಳೆದುಕೊಳ್ಳುವುದಕ್ಕೆ ಏನಿದೆ ಎನ್ನುವುದೇ ಎಲ್ಲರ ಮಾತು. ಜಯನಗರದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಚಕ್ರವನ್ನು ತಿರುಗಿಸುವುದೇ ಇಲ್ಲ. ದಿನಾ ಬೆಳಗ್ಗೆ ಪಾರ್ಕಿನ ಬೆಂಚಿನ ಮೇಲೆ ಕೂತು, ಆ ದಿನದ ಬಿಟ್ಟಿ ನಾಣ್ಯ ಪಡೆದು ಫೋನ್ ಜೇಬಿಗಿಡುತ್ತಾರೆ.

"ಆಡಿದ್ರೆ ಖರ್ಚಾಗುತ್ತಲ್ಲಮ್ಮಾ," ಅಂದರು.

"ಸಾರ್, ಖರ್ಚು ಮಾಡೋಕೆ ತಾನೆ ಆ ನಾಣ್ಯ ಇರೋದು?"

"ಅದು ನಿಮ್ಮ ಕಾಲದೋರ ಯೋಚನೆ."

ಇಂಥವು ಕೇಳಿ ಕೇಳಿ ನಗುವುದಕ್ಕೂ ಶಕ್ತಿ ಇರುತ್ತಿರಲಿಲ್ಲ. ಪ್ರತಿ ಮನೆಯಲ್ಲೂ ಕಾಫಿ. ಬೇಡ ಎಂದರೆ ಬೇಜಾರು ಮಾಡಿಕೊಳ್ಳುತ್ತಾರೆ, ಕುಡಿದರೆ ಸಂಜೆ ಹೊಟ್ಟೆಯಲ್ಲಿ ಬೆಂಕಿ.

ಕೆಲಸ ಶುರುವಾಗುವ ಮೊದಲು ಕಂಪನಿಯವನೊಬ್ಬ ನಮಗೆಲ್ಲ ವಿಡಿಯೋ ಕರೆಯಲ್ಲಿ ಆಟದ ಒಳಗುಟ್ಟು ವಿವರಿಸಿದ್ದ. ದುಡ್ಡಿನ ಆಟ ಅಲ್ಲವಾದ್ದರಿಂದ ಚಕ್ರ ಎಲ್ಲಿ ನಿಲ್ಲಬೇಕು ಎನ್ನುವುದು ಅವರ ಕೈಯಲ್ಲೇ ಇರುತ್ತದಂತೆ. ದಿನಾ ಆಡುವವರಿಗೆ ಗೆಲುವು ಅಳೆದು ಸುರಿದು ಕೊಡುತ್ತಾರೆ. ಐದಾರು ದಿನ ಆಟದ ಕಡೆ ತಲೆ ಹಾಕದವರು ಮತ್ತೆ ಬಂದರೆ ಮೊದಲ ಸುತ್ತಿಗೇ ಭರ್ಜರಿ ಗೆಲುವು, ಅಳಿಯ ಮನೆಗೆ ಬಂದಾಗ ಹೋಳಿಗೆ ಬಡಿಸಿದ ಹಾಗೆ. ಬಿಟ್ಟು ಹೋದವರನ್ನು ಹಿಡಿದು ಕೂರಿಸುವ ಉಪಾಯ. ಇದನ್ನು ಆಡುವವರ ಮುಂದೆ ಬಾಯಿ ಬಿಡುವಂತಿಲ್ಲ, ಅವರು ತಪ್ಪು ತಿಳಿದಿದ್ದರೆ ತಿದ್ದುವಂತೆಯೂ ಇಲ್ಲ ಎಂದು ನಮ್ಮಿಂದ ಸಹಿ ಹಾಕಿಸಿಕೊಂಡಿದ್ದರು. ನಮ್ಮ ಕಸುಬಿನಲ್ಲಿ ಇದೇನೂ ಹೊಸದಲ್ಲ. ಟೀ ಪುಡಿಗೆ ಬಣ್ಣ ಹಾಕುತ್ತಾರಾ ಎಂದು ಕೇಳಿದವರಿಗೂ 'ನಿಮಗೆ ಏನನ್ನಿಸುತ್ತೆ?' ಎಂದೇ ಕೇಳಿ ಬಂದವಳು ನಾನು.

ಎರಡನೆಯ ವಾರದ ಕೊನೆಗೆ ಕತ್ರಿಗುಪ್ಪೆಯ ಮನೆಗೆ ಹೋದೆ. ಕೆಳಗೆ ಯಜಮಾನರ ಹಾರ್ಡ್‌ವೇರ್ ಅಂಗಡಿ, ನಡುವೆ ಎರಡು ಬಾಡಿಗೆ ಮನೆ, ಮೇಲಿನ ಮಹಡಿಯಲ್ಲಿ ಅವರ ವಾಸ. ಆ ಜಾಗವೆಲ್ಲ ಒಂದು ಕಾಲಕ್ಕೆ ಅವರದೇ ರಾಗಿ ಹೊಲವಾಗಿತ್ತಂತೆ. ಅಂಗಡಿಯಲ್ಲಿ ಪೈಪು ಅಳೆಯುತ್ತಿದ್ದ ಯಜಮಾನರು "ಹೋಗಿ ಮೇಡಂ, ಮೇಲಿದ್ದಾಳೆ," ಎಂದರು. ಮನೆಯಾಕೆಗೆ ನನಗಿಂತ ಏಳೆಂಟು ವರ್ಷ ಹೆಚ್ಚಿರಬಹುದು. ನನ್ನನ್ನು ನೋಡಿದ ಕೂಡಲೇ ಫ್ಯಾನ್ ಹಾಕಿ, ಮಜ್ಜಿಗೆ ತಂದುಕೊಟ್ಟರು. ಕಾಫಿ ಕೊಡದ ಮೊದಲ ಮನೆ. ಅದೊಂದಕ್ಕೇ ನನಗೆ ಆಕೆ ಇಷ್ಟವಾಗಿಬಿಟ್ಟರು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿ, ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ರೆಕಾರ್ಡಿಂಗ್ ಶುರು ಮಾಡಿದೆ.

"ದಿನಾ ಎಷ್ಟು ಹೊತ್ತು ಆಡ್ತೀರಾ ಅಕ್ಕ?"

"ಅಯ್ಯೋ, ದಿನಾ ಎಲ್ಲಿ? ಶುಕ್ರವಾರ ಮಾತ್ರ. ತಲೆ ಮೇಲೆ ನೀರು ಹಾಕ್ಕೊಂಡು, ದೀಪ ಹಚ್ಚಿ, ಆಮೇಲೆ ಒಂದೇ ಒಂದು ಸಲ."

"ಒಂದೇ ಸಲ ಯಾಕೆ?"

"ಪ್ರಸಾದ ಎಷ್ಟು ಸಲ ಕೇಳ್ತಾರೆ ಹೇಳಿ?"

ನನಗೆ ಅರ್ಥವಾಗಲಿಲ್ಲ. ಆಕೆ ಬಿಡಿಸಿ ಹೇಳಿದರು. ಅವರ ಕಡೆ ಏನಾದರೂ ದೊಡ್ಡ ವಿಷಯ ಇದ್ದರೆ ಊರಮ್ಮನ ಗುಡಿಯಲ್ಲಿ ಹೂಪ್ರಸಾದ ಕೇಳುವ ಪದ್ಧತಿ. ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ಅಮ್ಮನವರ ಎದುರು ಕೂರಬೇಕು. ಬಲಗಡೆಯಿಂದ ಹೂ ಬಿದ್ದರೆ ಒಳ್ಳೆಯದು, ಎಡಗಡೆಯಿಂದ ಬಿದ್ದರೆ ಬೇಡ ಅಂತ. ಮದುವೆ, ಮನೆ ಪಾಯ, ಬೋರ್‌ವೆಲ್, ಎಲ್ಲ ಹಾಗೇ ಕೇಳಿ ಮಾಡಿದ್ದು. ಆದರೆ ಗುಡಿ ಈಗ ದೊಡ್ಡದಾಗಿದೆ. ಗ್ರಾನೈಟ್ ಹಾಕಿದ್ದಾರೆ, ಸಾಲು ನಿಲ್ಲಿಸುತ್ತಾರೆ.

"ಈಗ ಹೂವನ್ನೆಲ್ಲ ತಂತೀಲಿ ಬಿಗಿದು ಕಟ್ಟಿಬಿಡ್ತಾರೆ ಮೇಡಂ. ಬಿರುಗಾಳಿ ಬೀಸಿದ್ರೂ ಒಂದು ಎಸಳು ಬೀಳಲ್ಲ. ಕೂತ್ಕೊಳೋಕೂ ಬಿಡಲ್ಲ, ಮುಂದೆ ಹೋಗಿ ಮುಂದೆ ಹೋಗಿ ಅಂತಾರೆ. ಯಾರನ್ನ ಕೇಳೋದು?"

ಆಕೆಯ ಮಗಳು ಆಟವನ್ನು ಫೋನಿಗೆ ಹಾಕಿಕೊಟ್ಟಿದ್ದಳು. ಒಂದು ಶುಕ್ರವಾರ, ಬಾಡಿಗೆಗೆ ಬಂದವರು ಒಳ್ಳೆಯವರೋ ಅಲ್ಲವೋ ಎಂದು ಯೋಚಿಸುತ್ತಾ ಚಕ್ರ ತಿರುಗಿಸಿದರಂತೆ. ಮೂರು ತಾವರೆ ಒಂದೇ ಸಾಲಿಗೆ ಬಂದವು. ಅಮ್ಮನವರ ಕೈಯಲ್ಲಿ ಇರುವುದೂ ತಾವರೆ. ಬಾಡಿಗೆಯವರು ನಿಜಕ್ಕೂ ಒಳ್ಳೆಯವರಾದರು. ಅಲ್ಲಿಂದ ಪ್ರತಿ ಶುಕ್ರವಾರ ಒಂದು ಪ್ರಶ್ನೆ, ಒಂದು ಸುತ್ತು.

"ಒಂದು ಸಲಾನೂ ಅಮ್ಮನೋರು ನಂಗೆ ಇಲ್ಲ ಅಂದಿಲ್ಲ," ಎಂದರು ಹೆಮ್ಮೆಯಿಂದ.

ಅನ್ನುವುದಾದರೂ ಹೇಗೆ? ವಾರಕ್ಕೊಮ್ಮೆ ಬರುವ ಅಳಿಯನಿಗೆ ಪ್ರತಿ ಸಲವೂ ಹೋಳಿಗೆಯೇ. ನಾನು ಮನಸ್ಸಿನಲ್ಲೇ ನಕ್ಕು ಮುಂದಿನ ಪ್ರಶ್ನೆಗೆ ಹೋದೆ. ಕೊನೆಯ ಸಲ ಆಡಿದಾಗ ಮನಸ್ಸಿನಲ್ಲಿ ಏನಿತ್ತು ಎಂದು ಕೇಳುವುದು ಪ್ರಶ್ನಾವಳಿಯಲ್ಲೇ ಇತ್ತು.

ಆಕೆ ಸ್ವಲ್ಪ ಹೊತ್ತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ ಎಡಗಡೆಯ ಎದೆಯ ಪಕ್ಕ, ಕಂಕುಳ ಹತ್ತಿರ ಕೈ ಇಟ್ಟುಕೊಂಡರು.

"ಇಲ್ಲೊಂದು ಗಂಟಿದೆ. ಸಂಕ್ರಾಂತಿ ಹೊತ್ತಿಗೆ ಸ್ನಾನ ಮಾಡುವಾಗ ಸಿಕ್ತು. ನೋವಿಲ್ಲ, ಏನಿಲ್ಲ. ಇದು ಏನೂ ಅಲ್ಲ ತಾನೆ ತಾಯಿ ಅಂತ ಕೇಳ್ತೀನಿ. ಏನೂ ಇಲ್ಲ ಅಂತಾನೇ ಬರುತ್ತೆ. ಅದಕ್ಕೇ ಡಾಕ್ಟ್ರ ಹತ್ರ ಹೋಗಿಲ್ಲ."

ಆಗ ಆಷಾಢ ನಡೆಯುತ್ತಿತ್ತು. ನನ್ನ ಕೈ ತಾನಾಗಿಯೇ ಮುಂದೆ ಹೋಗಿ ಸ್ಟ್ಯಾಂಡಿನಲ್ಲಿದ್ದ ಫೋನನ್ನು ಬೋರಲು ಹಾಕಿತು.

"ಮನೇಲಿ ಯಾರಿಗಾದ್ರೂ ಹೇಳಿದೀರಾ ಅಕ್ಕ?"

"ಇಲ್ಲ. ಇವ್ರಿಗೆ ಮೊದ್ಲೇ ಬಿ.ಪಿ. ಮಗಳು ಬಸುರಿ. ನೀವೂ ಯಾರಿಗೂ ಹೇಳ್ಬೇಡಿ, ನನ್ನಾಣೆ. ಹೊರಗಿನೋರು ಅಂತ ನಿಮಗೆ ಹೇಳ್ದೆ."

ಒಮ್ಮೆ ತೋರಿಸಿಕೊಂಡು ಬನ್ನಿ ಎಂದೆ. "ಬಿಡಿ ಮೇಡಂ, ಅಮ್ಮನೋರೇ ಹೇಳಿದಾರಲ್ಲ," ಎಂದು ಇನ್ನೊಂದು ಲೋಟ ಮಜ್ಜಿಗೆ ತರಲು ಒಳಗೆ ಹೋದರು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಅಂತಾರಲ್ಲ, ಹಾಗಾಗಿತ್ತು ಕಥೆ. ಇಳಿಯುವಾಗ ಅಂಗಡಿಯ ಮುಂದೆ ಯಜಮಾನರು "ಆಯ್ತಾ ಮೇಡಂ?" ಎಂದು ಕೇಳಿದರು. ಹೇಳಿಬಿಡಲೇ ಅನ್ನಿಸಿತು. ಆಣೆ ಹಾಕಿಸಿಕೊಂಡು ಬಂದವಳು. ಆಯಿತು ಸಾರ್ ಎಂದು ಬಸ್ ಸ್ಟಾಪಿಗೆ ನಡೆದೆ.

ಮರುದಿನ ಮೇಲ್ವಿಚಾರಕನ ಫೋನು.

"ಮೇಡಂ, ಸಖತ್! ಕತ್ರಿಗುಪ್ಪೆ ಇಂಟರ್‌ವ್ಯೂ ಕ್ಲೈಂಟ್‌ಗೆ ಸಿಕ್ಕಾಪಟ್ಟೆ ಇಷ್ಟ ಆಗಿದೆ. ಪ್ರಸಾದ, ಶುಕ್ರವಾರ, ಒಂದೇ ಸ್ಪಿನ್, ಯಾರೂ ಯೋಚ್ನೆ ಮಾಡಿರ್ಲಿಲ್ಲ. ಶುಕ್ರವಾರ ಸ್ಪೆಷಲ್ ಅಂತಾನೇ ಒಂದು ಮಾಡೋಣ ಅಂತಿದಾರೆ. ದೀಪ, ಗುಡಿ ಗಂಟೆ ಸೌಂಡ್ ಎಲ್ಲ ಹಾಕಿ."

"ಕೊನೇ ಭಾಗ ನೋಡಿದ್ಯಾ?"

"ಲಾಸ್ಟಲ್ಲಿ ವಿಡಿಯೋ ಕಪ್ಪಾಗಿಬಿಟ್ಟಿದೆ. ಆಡಿಯೋ ಇದೆ." ಅವನ ದನಿ ಸ್ವಲ್ಪ ಇಳಿಯಿತು. "ಕೇಳ್ದೆ. ಪಾಪ. ಆ ಪಾರ್ಟ್ ಕಟ್ ಮಾಡಿ ಕಳ್ಸಿದೀನಿ. ಹೆಲ್ತ್ ವಿಷಯ ನಾವು ಹಂಚ್ಕೊಳೋ ಹಾಗಿಲ್ಲ."

"ಆಕೆಗೆ ನಿಜ ಹೇಳ್ಬೇಕಪ್ಪಾ. ವಾರ ಬಿಟ್ಟು ಬಂದೋರಿಗೆಲ್ಲ ಗೆಲುವು ಕೊಡ್ತಾರೆ ಅಂತ."

"ಮೇಡಂ, ಸೈನ್ ಮಾಡಿದೀವಿ. ನೀವು ಹೇಳಿದ್ರೆ ನಂಗೆ ಗೊತ್ತಾಗಿದೆ ಅಂತ ಆಗ್ಬಾರ್ದು. ಪ್ಲೀಸ್."

ಅವನು ಕೆಟ್ಟವನಲ್ಲ. ಅವನ ಬೆನ್ನ ಮೇಲೂ ಯಾರೋ ಕೂತಿದ್ದರು. ಇಪ್ಪತ್ತು ವರ್ಷ ಜನರ ಬಾಯಿಂದ ಮಾತು ತೆಗೆದು ಕಂಪನಿಗಳಿಗೆ ಕೊಟ್ಟಿದ್ದೇನೆ, ಒಂದು ಮಾತು ತಿರುಗಿ ಕೊಟ್ಟಿಲ್ಲ. ಕೊಡಬೇಕು ಎಂದು ಅನ್ನಿಸಿದ್ದೂ ಇಲ್ಲ. ಆ ಶುಕ್ರವಾರದ ಗುಡಿ ಗಂಟೆಯ ಮಾತು ಕೇಳಿದ ಮೇಲೆ ಮಾತ್ರ ಹಾಗನ್ನಿಸಿತು. ಸಹಿ ಹಾಳಾಗಿ ಹೋಗಲಿ ಎಂದು ತೀರ್ಮಾನ ಮಾಡಿದೆ.

ಮಂಗಳವಾರ ಮತ್ತೆ ಕತ್ರಿಗುಪ್ಪೆಗೆ ಹೋದೆ. ಒಂದೆರಡು ಪ್ರಶ್ನೆ ಬಿಟ್ಟುಹೋಗಿವೆ ಎಂದು ಯಜಮಾನರಿಗೆ ಸುಳ್ಳು ಹೇಳಿದೆ. ಮೇಲೆ ಹೋಗಿ ಆಕೆಯ ಎದುರು ಕೂತು ಎಲ್ಲವನ್ನೂ ಹೇಳಿದೆ, ಚಕ್ರ ಎಲ್ಲಿ ನಿಲ್ಲಬೇಕು ಎನ್ನುವುದು ಮೊದಲೇ ಗೊತ್ತಿರುತ್ತದೆ, ಗ್ಯಾಪ್ ಕೊಟ್ಟು ಬಂದವರನ್ನು ಖುಷಿಪಡಿಸಲು ಗೆಲ್ಲಿಸುತ್ತಾರೆ ಎಂದು.

ಆಕೆ ನಕ್ಕರು. "ಹೂವನ್ನೂ ಪೂಜಾರಪ್ಪನೇ ಇಡೋದು ಮೇಡಂ. ಹಾಗಂತ ಬೀಳ್ಸೋಳು ಅಮ್ಮನೋರಲ್ವಾ?"

ಹಾಗಾದರೆ ನೋಡಿ ಎಂದು ಚೀಲದಿಂದ ಆಫೀಸಿನ ಫೋನ್ ತೆಗೆದೆ. ಜನರಿಗೆ ತೋರಿಸುವುದಕ್ಕೆ ಅಂತ ಅದೇ ಆಟ ಹಾಕಿ ಕೊಟ್ಟಿದ್ದ ಫೋನ್ ಅದು. ನಾನು ದೇವರನ್ನು ನೆನೆಯುವುದಿಲ್ಲ, ಸ್ನಾನವೂ ಬೆಳಗ್ಗೆ ಗಡಿಬಿಡಿಯಲ್ಲಿ ಆಗಿದೆ, ಆದರೂ ಮೂರು ತಾವರೆ ಬರುತ್ತದೆ ನೋಡಿ ಎಂದು ಗುಂಡಿ ಒತ್ತಿದೆ. ತಾವರೆ, ಆನೆ, ಕೊಡ. ಏನೂ ಬರಲಿಲ್ಲ. ಇನ್ನೊಮ್ಮೆ ಒತ್ತಿದೆ. ಆನೆ, ಆನೆ, ತಾವರೆ.

ಆಮೇಲೆ ನೆನಪಾಯಿತು. ಅವತ್ತು ಬೆಳಗ್ಗೆಯೇ ಬನಶಂಕರಿಯ ಒಂದು ಮನೆಯಲ್ಲಿ ಅದೇ ಫೋನ್ ತೋರಿಸಿ ಬಂದಿದ್ದೆ. ಗ್ಯಾಪ್ ಎಲ್ಲಿಯದು? ನನ್ನ ತಲೆಗಿಷ್ಟು ಬೆಂಕಿ ಬೀಳ.

"ನೋಡಿದ್ರಾ?" ಆಕೆ ನನ್ನ ಕೈ ಸವರಿ ಸಮಾಧಾನ ಮಾಡಿದರು. "ನಿಮ್ಮ ಫೋನಲ್ಲಿ ಬರಲ್ಲ ಮೇಡಂ. ಅದಕ್ಕೆ ಭಕ್ತಿ ಬೇಕು."

"ಹಾಗಾದ್ರೆ ನಿಮ್ಮ ಫೋನಲ್ಲೇ ದಿನಾ ಕೇಳಿ ನೋಡಿ ಅಕ್ಕ. ಇವತ್ತು, ನಾಳೆ, ನಾಡಿದ್ದು. ಇಲ್ಲ ಅಂತಾನೂ ಬರುತ್ತೆ, ನಿಮಗೇ ಗೊತ್ತಾಗುತ್ತೆ."

ಆಕೆಯ ಮುಖದ ನಗು ಹೋಯಿತು. "ಛೆ ಛೆ. ಕೇಳಿದ್ದನ್ನೇ ದಿನಾ ಕೇಳಿದ್ರೆ ಅಮ್ಮನೋರ ಮೇಲೆ ಅಪನಂಬಿಕೆ ಆಯ್ತಲ್ಲ. ಅಂಥ ಪಾಪ ನಾನು ಮಾಡಲ್ಲ. ನೀವು ಮನೆಗೆ ಹೋಗಿ. ಬಿಸಿಲಲ್ಲಿ ಸುತ್ತಿ ಸುತ್ತಿ ಬಳಲಿದೀರಿ."

ಅಲ್ಲಿಗೆ ಮುಗಿಯಿತು. ಮೆಟ್ಟಿಲಿಳಿಯುತ್ತಾ ಯೋಚಿಸಿದೆ. ಆಸೆಬುರುಕರಾಗಿ ದಿನಾ ಆಡಿದವರಿಗೆ ಆಟದ ಬುದ್ಧಿ ಗೊತ್ತಾಗಿಬಿಡುತ್ತದೆ. ಒಮ್ಮೆ ಬರುತ್ತದೆ, ಹತ್ತು ಸಲ ಬರುವುದಿಲ್ಲ, ಥೂ ಎಂದು ಎಸೆಯುತ್ತಾರೆ. ಈಕೆ ನೇಮ ಇಟ್ಟುಕೊಂಡಿದ್ದಾರೆ. ಮಡಿ, ದೀಪ, ವಾರಕ್ಕೊಂದೇ ಸಲ. ಆ ನೇಮದಿಂದಲೇ ಪ್ರತಿ ಸಲವೂ ಮೋಸ ಹೋಗುತ್ತಿದ್ದಾರೆ. ಹಾಳಾದ ಆಟಕ್ಕೆ ಇವರಷ್ಟು ಒಳ್ಳೆಯ ಗಿರಾಕಿ ಇನ್ನೊಬ್ಬರಿಲ್ಲ.

ಎರಡು ದಿನ ಬಿಳೇಕಹಳ್ಳಿ ಕಡೆಯ ಮನೆಗಳಿದ್ದವು. ಯಾರು ಏನು ಹೇಳಿದರೋ ನನಗೆ ನೆನಪಿಲ್ಲ. ಗುರುವಾರ ಊಟಕ್ಕೆ ಕೂತಾಗ ಒಂದು ದಾರಿ ಹೊಳೆಯಿತು. ಆಕೆ ವಾರದ ನಡುವೆ ಮತ್ತೆ ಕೇಳಲಾರರು, ಪರೀಕ್ಷೆ ಮಾಡಲು ಅಂತ ಸುಳ್ಳು ಪ್ರಶ್ನೆಯನ್ನೂ ಕೇಳಲಾರರು. ಆದರೆ ಶುಕ್ರವಾರ ಬೆಳಗ್ಗೆ ಆಕೆ ಕೇಳುವ ಮುಂಚೆ ಅದೇ ಫೋನಿನಲ್ಲಿ ನಾನು ಕೇಳಬಹುದಲ್ಲ? ಪಾಪ ಬಂದರೆ ನನಗೆ ಬರಲಿ.

ಶುಕ್ರವಾರ ಹೋದಾಗ ಆಕೆ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ದೀಪಕ್ಕೆ ಎಣ್ಣೆ ಹಾಕುತ್ತಿದ್ದರು. ಫೋನು ದೇವರ ಗೂಡಿನ ಮುಂದೆ ತಟ್ಟೆಯಲ್ಲಿತ್ತು, ಪಕ್ಕದಲ್ಲಿ ಎರಡು ದಾಸವಾಳ. ನನ್ನನ್ನು ನೋಡಿ ಮುಖ ಗಂಟಿಕ್ಕಿದರು.

"ಮತ್ತೆ ಅದೇ ಮಾತಾಡ್ಬೇಡಿ ಮೇಡಂ, ಶುಕ್ರವಾರ."

"ಇಲ್ಲ ಅಕ್ಕ. ನಂಗೂ ಒಂದು ಪ್ರಸಾದ ಕೇಳ್ಬೇಕಿತ್ತು. ನನ್ನ ಫೋನಲ್ಲಿ ಬರಲ್ವಲ್ಲ. ನಿಮ್ಮದ್ರಲ್ಲಿ ಕೇಳ್ಲಾ?"

ಅದಕ್ಕೆ ಇಲ್ಲ ಎನ್ನುವ ಹೆಂಗಸಲ್ಲ ಆಕೆ. ಕುಂಕುಮ ಕೊಟ್ಟರು, ಕಾಲು ತೊಳೆದುಕೊಂಡು ಬನ್ನಿ ಎಂದರು. ತೊಳೆದುಕೊಂಡು ಬಂದು ಮಂಡಿನೋವಿನಲ್ಲೇ ನೆಲದ ಮೇಲೆ ಕೂತೆ.

"ಮನಸ್ಸಲ್ಲಿ ಕೇಳಿದ್ರೆ ಸಾಕು."

"ಬಾಯಿಬಿಟ್ಟೇ ಕೇಳ್ತೀನಿ ಅಕ್ಕ. ನಮ್ಮಮ್ಮ ಆರೋಗ್ಯವಾಗಿದ್ದಾರಾ? ಚೆನ್ನಾಗಿ ಊಟ ತಿಂಡಿ ಮಾಡ್ಕೊಂಡು ಇದ್ದಾರಾ?"

ಗುಂಡಿ ಒತ್ತಿದೆ. ತಾವರೆ. ತಾವರೆ. ಮೂರನೆಯ ಚಕ್ರ ನಿಧಾನವಾಗಿ, ಬೇಕೆಂದೇ ಸತಾಯಿಸುತ್ತಾ ತಿರುಗಿ ತಾವರೆಯ ಮೇಲೆ ನಿಂತಿತು. ಪರದೆಯ ತುಂಬ ನಾಣ್ಯ ಝಲ್ಲನೆ ಸುರಿಯಿತು. ಒಂದು ಕ್ಷಣ, ಸುಡುಗಾಡು, ನನಗೂ ಖುಷಿಯಾಯಿತು. ಎದೆ ಹಗುರಾಯಿತು. ಎಲ್ಲ ಗೊತ್ತಿದ್ದ ನನಗೇ ಹಾಗಾದರೆ ಬೇರೆಯವರ ಗತಿ ಏನು?

ಆಕೆ ಸಂತೋಷದಿಂದ ನನ್ನ ಭುಜ ಹಿಡಿದರು. "ನೋಡಿದ್ರಾ! ಚೆನ್ನಾಗಿದ್ದಾರೆ! ಎಲ್ಲಿದ್ದಾರೆ ನಿಮ್ಮಮ್ಮ, ಊರಲ್ಲಾ?"

"ತೀರ್ಕೊಂಡು ಎರಡು ವರ್ಷ ಆಯ್ತು ಅಕ್ಕ."

ನಾಣ್ಯದ ಸದ್ದು ಇನ್ನೂ ನಿಂತಿರಲಿಲ್ಲ. ಆಕೆ ಭುಜದ ಮೇಲಿನ ಕೈ ತೆಗೆದರು. ಫೋನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಫೋನು ನೋಡಿದರು. ನನಗೆ ಅಳು ಬಂತು. ಆಕೆಯನ್ನು ನಂಬಿಸಲು ಅಂತ ಆಡಿದ ಮಾತಿಗೆ ನಾನೇ ಅಳುತ್ತಾ ಕೂತೆ. ಅಮ್ಮ ಹೋದಾಗಲೂ ಅಷ್ಟು ಅತ್ತಿರಲಿಲ್ಲ; ಆಗ ಆಸ್ಪತ್ರೆ, ಬಿಲ್ಲು, ಬಂದವರಿಗೆ ಕಾಫಿ ಅಂತ ಹೊತ್ತೇ ಸಿಕ್ಕಿರಲಿಲ್ಲ.

ಆಕೆ ಸಮಾಧಾನ ಮಾಡಲಿಲ್ಲ. ಗೋಡೆಗೆ ಒರಗಿ ಕೂತು ಸಿಟ್ಟಿನಿಂದ ಅಂದರು:

"ಯಾಕೆ ಹೇಳಿದ್ರಿ? ನಿಮಗೇನು, ಹೇಳಿ ಹೋಗ್ತೀರಿ. ನಾನು ರಾತ್ರಿ ನಿದ್ದೆ ಮಾಡ್ತಿದ್ದೆ. ಇನ್ಮೇಲೆ ಹೆಂಗೆ ಮಾಡ್ಲಿ?"

"ನಾನು ಹೋಗಲ್ಲ ಅಕ್ಕ. ನಿಮ್ಜೊತೆ ಆಸ್ಪತ್ರೆಗೆ ಬರ್ತೀನಿ."

"ಬೇಡ. ಎದ್ದು ಹೋಗಿ."

ಎದ್ದು ಬಂದೆ. ಮತ್ತೇನು ಮಾಡುವುದು? ನಿದ್ದೆ ಕಿತ್ತುಕೊಂಡಿದ್ದಂತೂ ನಿಜ. ಬಸ್ಸಿನಲ್ಲಿ ಕೂತು ಮೇಲ್ವಿಚಾರಕನಿಗೆ ಫೋನ್ ಮಾಡಿ, ಹೇಳಿಬಿಟ್ಟಿದ್ದೇನೆ, ನೀನು ನಿನ್ನ ಮೇಲಿನವರಿಗೆ ಹೇಳಿಬಿಡು ಎಂದೆ.

"ಇನ್ಮುಂದೆ ಪ್ರಾಜೆಕ್ಟ್ ಕೊಡೋದು ಕಷ್ಟ ಆಗುತ್ತೆ ಮೇಡಂ."

"ಗೊತ್ತಪ್ಪಾ."

"ನಮ್ಮಮ್ಮನೂ ಆಡ್ತಾರೆ," ಎಂದ ಆಮೇಲೆ. "ಏನ್ ಕೇಳ್ತಾರೋ ನಂಗೊತ್ತಿಲ್ಲ."

ಸೋಮವಾರ ಬೆಳಗ್ಗೆ ಕತ್ರಿಗುಪ್ಪೆಯಿಂದ ಫೋನು ಬಂತು. ಹಲೋ ಎನ್ನಲಿಲ್ಲ, ಏನೂ ಇಲ್ಲ. "ಎಷ್ಟೊತ್ತಿಗೆ ಬರ್ತೀರಿ?" ಎಂದರು. ಆಟೋದಲ್ಲಿ ಜಯನಗರದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸ್ಕ್ಯಾನಿಂಗ್ ಆಯಿತು, ಗಂಟಿಗೆ ಸೂಜಿ ಹಾಕಿ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕಾಯುವಾಗ ಒಂದೇ ಒಂದು ಮಾತಾಡಿದರು: ತನ್ನ ವಿಡಿಯೋ ಕಂಪನಿಯವರ ಹತ್ತಿರ ಇರಬಾರದು, ಅಮ್ಮನವರ ವಿಷಯ ಅದರಲ್ಲಿದೆ. ಒಪ್ಪಿಗೆ ವಾಪಸ್ ಪಡೆಯಲು ಅವಕಾಶ ಇರುತ್ತದೆ. ಅಲ್ಲೇ ಬೆಂಚಿನ ಮೇಲೆ ಕೂತು ಎರಡು ಸಾಲು ಬರೆಸಿ, ಸಹಿ ಹಾಕಿಸಿ ಕಳಿಸಿದೆ. ಮೇಲ್ವಿಚಾರಕ ಆಕೆಯ ಮಾತುಗಳನ್ನೆಲ್ಲ ಅಳಿಸಿ, ಕಂಪನಿಯವರಿಂದಲೂ ಅಳಿಸಿಸಿದ. ಶುಕ್ರವಾರದ ಉಪಾಯ ಅವರ ತಲೆಯಿಂದಲೂ ಅಳಿಸಿಹೋಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಕೆಲಸ ಅಷ್ಟಕ್ಕೇ ನನ್ನ ಕೈ ಬಿಟ್ಟಿತು.

ರಿಪೋರ್ಟು ಬರುವ ದಿನ ಯಜಮಾನರೂ ಬಂದಿದ್ದರು. ಹಿಂದಿನ ರಾತ್ರಿ ಆಕೆಯೇ ಹೇಳಿದ್ದರು. ಗಾಡಿ ನಿಲ್ಲಿಸಲು ಜಾಗ ಸಿಗದೆ ಅವರು ಹೊರಗೇ ಉಳಿದರು, ಒಳಗೆ ನಾವಿಬ್ಬರೇ. ಡಾಕ್ಟರು ನಡುವಯಸ್ಸಿನ ಹೆಂಗಸು, ಬೆಳಗಿನಿಂದ ಕೂತು ದಣಿದಂತಿದ್ದರು. ಕಾಗದ ಓದಿ ಕನ್ನಡಕ ತೆಗೆದಿಟ್ಟರು.

"ಆಪರೇಷನ್ ಮಾಡ್ಬೇಕಮ್ಮಾ. ಆಮೇಲೆ ಕೀಮೋ ಕೊಡ್ಬೇಕಾಗುತ್ತೆ. ಗುಣ ಆಗುತ್ತೆ, ಹೆದರ್ಬೇಡಿ. ಆದ್ರೆ ಸಂಕ್ರಾಂತೀಲೇ ಬಂದಿದ್ರೆ ಇಷ್ಟೆಲ್ಲ ಬೇಕಿರ್ಲಿಲ್ಲ. ಇಷ್ಟು ತಿಂಗಳು ಯಾರಿಗೂ ತೋರಿಸ್ಲಿಲ್ವಾ?"

"ಕೇಳಿದ್ದೆ ಡಾಕ್ಟ್ರೇ," ಎಂದರು ಆಕೆ. "ಏನೂ ಇಲ್ಲ ಅಂದ್ರು."

ಡಾಕ್ಟರ ಮುಖ ಕೆಂಪಾಯಿತು. "ಯಾರ್ರೀ ಹಾಗಂದಿದ್ದು? ಮುಟ್ಟಿ ನೋಡ್ದೆ, ಸ್ಕ್ಯಾನ್ ಮಾಡ್ದೆ ಏನೂ ಇಲ್ಲ ಅಂದ್ರಾ? ಹೆಸರು ಹೇಳಿ. ಅಂಥೋರ ಮೇಲೆ ಕಂಪ್ಲೇಂಟ್ ಕೊಡ್ಬೇಕು."

ನಾನು ಬಾಯಿ ತೆರೆದೆ. ಆಕೆ ಮೇಜಿನ ಕೆಳಗೆ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದು ಒತ್ತಿದರು.

"ಅವರನ್ನೇನೂ ಅನ್ಬೇಡಿ ಡಾಕ್ಟ್ರೇ," ಎಂದರು. "ಕೇಳ್ದೋಳು ನಾನು."